ಎರಡು ಹಿಡಿಯ ಹಲಗೆ

ದೋಣಿ ಬೋರಲು ಮಲಗಿದೆ,
ಸಾಮೂಹಿಕ ಬೇಸಾಯದ ಕಾಲದ ಟ್ರ್ಯಾಕ್ಟರ್ ಕೊಟ್ಟಿಗೆಯಲ್ಲಿ.
ಎಂಟೂವರೆ ಮೀಟರ್. ಇದು ಆರನೆಯ ಬೇಸಿಗೆ.
ಹೀಯುಮಾ ದ್ವೀಪದಲ್ಲಿ ಜೂನ್ ತಿಂಗಳ ಸೂರ್ಯ
ರಾತ್ರಿ ಹತ್ತಾದರೂ ಬಾಗಿಲಲ್ಲೇ ಇರುತ್ತಾನೆ,
ಹೊರಟೆ ಎಂದು ಎದ್ದು
ಹೊಸ್ತಿಲಲ್ಲಿ ಮತ್ತೆ ಮಾತಿಗೆ ನಿಂತ ನೆಂಟನ ಹಾಗೆ.

ನಮಗೆ ಒಳ್ಳೆಯದೇ. ಅಡ್ಡ ಬೆಳಕಿನೆದುರು ಸುಳ್ಳು ನಿಲ್ಲದು.
ಮಧ್ಯಾಹ್ನ ನುಣ್ಣಗೆ ಕಂಡ ಒಡಲು
ಈಗ ಒಂದೊಂದೇ ನೆರಳು ಕಕ್ಕುತ್ತದೆ:
ಇಲ್ಲೊಂದು ತಗ್ಗು, ಚಮಚೆ ನೀರು ನಿಲ್ಲುವಷ್ಟು;
ಅಲ್ಲಿ ಗಾಜುಬಟ್ಟೆಯ ಅಂಚಿನ ಮೇಲೆ ಅಂಚು ಕೂತು
ಹೊಲಿಗೆ ಬಿಚ್ಚಿದ ಗಾಯದಂಥ ಏರು.
ಪೆನ್ಸಿಲಿನಲ್ಲಿ ಸುತ್ತು ಹಾಕುತ್ತ ಹೋಗುತ್ತೇನೆ.

ಭಾವಮೈದುನ ಎಂಡೆಲ್ ಫೆರಿ ಹತ್ತಿ ಬಂದಿದ್ದಾನೆ,
ನಾಲ್ಕು ವರ್ಷದ ಮೇಲೆ. ಕರೆದದ್ದು ನಾನಲ್ಲ, ಲೇಯ್ಡಾ.
"ಉದ್ದ ಹಲಗೆಗೆ ಎರಡು ಹಿಡಿ.
ನನ್ನ ಹೆಗಲು ಮುಗಿಯಿತು. ಆ ಕಡೆಯದನ್ನು ಅವನು ಹಿಡಿಯಲಿ."
ಅಷ್ಟು ಹೇಳಿ ಆಲೂಗಡ್ಡೆ ಸುಲಿಯಲು ಹೋದಳು.

ಆ ವರ್ಷ ಅಂಟು ಕಲೆಸಿದವನು ಅವನು.
ಸೆಖೆಯ ದಿನ. ಬಕೆಟ್ಟು ತುಂಬ ಒಂದೇ ಸಲಕ್ಕೆ ಬೇಡ ಎಂದಿದ್ದೆ.
ಅಂಟು ಬಕೆಟ್ಟಿನಲ್ಲೇ ಕಾದು, ಹೊಗೆಯಾಡಿ,
ಬಟ್ಟೆ ಅರ್ಧ ಕೂತು ಅರ್ಧ ಸುಕ್ಕಿ
ನೋಡನೋಡುತ್ತ ಕಲ್ಲಾಯಿತು.
ನಾನೂ.
ಆಗ ಆಡಿದ್ದನ್ನು ಇಲ್ಲಿ ಬರೆಯುವುದಿಲ್ಲ.
ಅವನು ಸಂಜೆಯ ಫೆರಿ ಹಿಡಿದ.

ಈಗ ಹಲಗೆಯ ಆ ತುದಿಗೆ ಅವನು, ಈ ತುದಿಗೆ ನಾನು.
ಎಂಬತ್ತನೆ ನಂಬರಿನ ಉಜ್ಜುಕಾಗದ.
ಓರೆಯಾಗಿ ಮೇಲೆ, ಓರೆಯಾಗಿ ಕೆಳಗೆ.
ಹಲಗೆ ಬಾಗಬೇಕು, ಆದರೆ ತೀರ ಬಾಗಬಾರದು.
ಒಬ್ಬ ಎಳೆಯುವಾಗ ಇನ್ನೊಬ್ಬ ಒತ್ತಿದನೋ
ಗೀರು ಬಿತ್ತು, ಇಡೀ ದಿನ ಮಣ್ಣುಪಾಲು.
ಹಾಗಾಗಿ ಮುಖ ನೋಡದಿದ್ದರೂ
ಮಾಸ್ಕಿನೊಳಗಿನ ಉಸಿರು ಕೇಳಿಸಿಕೊಂಡು ಉಜ್ಜುತ್ತೇವೆ.
ಕಪ್ಪು ಪುಡಿ ಸವರಿ ಉಜ್ಜಿದರೆ
ಕರಿ ಉಳಿದಲ್ಲೆಲ್ಲ ತಗ್ಗು.
ಮೊದಲು ಬೆಳ್ಳಗಾಗುವುದು ಉಬ್ಬು.

ಮೂರನೆಯ ದಿನ ಬೆಳ್ಳಗಾಯಿತು.
"ಇದು ನನ್ನದು," ಎಂದ.
ಬಂದಾಗಿನಿಂದ ಅವನಾಡಿದ ಮೊದಲ ಮಾತು.
ಗ್ರೈಂಡರ್ ಎತ್ತಿಕೊಂಡ.
ನಾನು ಓಡಿ ಪ್ಲಗ್ಗು ಕಿತ್ತೆ.

ಉಬ್ಬನ್ನು ತರಿಯಬಾರದು ಮಾರಾಯ,
ಅದರೊಳಗೆ ಗಾಜಿನ ನೂಲಿದೆ, ದೋಣಿಯ ಬಲವೇ ಅದು.
ತರಿದರೆ ಕಣ್ಣಿಗೆ ನಯ, ನೀರಿಗೆ ಬಾಗಿಲು.
ಇರುವುದೊಂದೇ ದಾರಿ, ದುಬಾರಿಯದು, ನಿಧಾನದ್ದು:
ಸುತ್ತಲಿನದನ್ನೆಲ್ಲ
ಉಬ್ಬಿನ ಮಟ್ಟಕ್ಕೆ ಏರಿಸುವುದು.

ಎರಡು ಮಾರಿನಗಲಕ್ಕೆ ಲಪ್ಪ ಬಳಿದೆವು,
ತಟ್ಟೆ ಬೋರಲು ಹಾಕಿದರೂ ಬೀಳದ ಗಟ್ಟಿ ಮೊಸರಿನ ಹದಕ್ಕೆ.
ಮಾರನೆಯ ದಿನ ಅದರಲ್ಲಿ ಮುಕ್ಕಾಲು ಪಾಲು
ಉಜ್ಜಿ ನೆಲಕ್ಕೆ ಸುರಿದೆವು.
ಲೇಯ್ಡಾ ಗುಡಿಸಿ, ಚೀಲಕ್ಕೆ ತುಂಬಿ, ತೂಗಿದಳು: ಹನ್ನೊಂದು ಕಿಲೋ.
"ಈ ದುಡ್ಡಿಗೆ ಎರಡು ಕುರಿ ಬರುತ್ತಿತ್ತು."
ಯಾರೂ ಉತ್ತರ ಕೊಡಲಿಲ್ಲ.

ಗಾಜಿನ ಧೂಳು ಮೈಗೆ ಹತ್ತಿದರೆ ಮೊದಲು ತಣ್ಣೀರು,
ಆಮೇಲೆ ಸೌನಾ. ತಿರುಗುಮುರುಗಾದರೆ
ಬೆವರಿನ ಬಾಯಿ ತೆರೆದು ಗಾಜು ಒಳಗಿಳಿಯುತ್ತದೆ.
ಇದನ್ನು ಎಂಡೆಲ್‌ಗೆ ಹೇಳಲು ಮರೆತೆ.
ಮರೆತೆನೋ, ಹೇಳಲಿಲ್ಲವೋ.
ರಾತ್ರಿಯಿಡೀ ಪಕ್ಕದ ಕೋಣೆಯಲ್ಲಿ ಪರಪರ ಕೆರೆತ,
ನನಗೂ ನಿದ್ದೆಯಿಲ್ಲ.
ನಸುಕಿಗೆ ಎದ್ದು ಬಾವಿಯ ನೀರು ಸೇದಿ
ಅವನ ಬಾಗಿಲ ಮುಂದೆ ಬಕೆಟ್ಟು ಇಟ್ಟು ಬಂದೆ.

ಇವತ್ತು ಅವನು ಕೈಗವಸು ಕಳಚಿ, ಕಣ್ಣು ಮುಚ್ಚಿ
ಮೂತಿಯಿಂದ ಹಿಂಬದಿಯವರೆಗೆ
ಅಂಗೈ ಆಡಿಸುತ್ತ ನಡೆದ,
ಹೆದರಿದ ಕುದುರೆಯನ್ನು ಸವರುವ ಹಾಗೆ.
ತನ್ನ ಉಬ್ಬಿನ ಮೇಲೆ ಕೈ ನಿಲ್ಲದೆ ಹಾದುಹೋಯಿತು.
ಇನ್ನೂ ನಾಲ್ಕು ಹೆಜ್ಜೆ.
ನಿಂತ.
"ಇಲ್ಲಿ."

ಅದು ನಾನೊಬ್ಬನೇ ಕೂರಿಸಿದ ಭಾಗ,
ಬಂದವರಿಗೆಲ್ಲ ತೋರಿಸುತ್ತಿದ್ದ ಭಾಗ.
ಸವರಿದೆ. ಏನೂ ಸಿಗಲಿಲ್ಲ.
ಮತ್ತೆ ಸವರಿದೆ.
ಪೆನ್ಸಿಲು ನನ್ನ ಕಿವಿಯ ಮೇಲಿತ್ತು.
ಅವನೇ ಕೈ ಚಾಚಿ ತೆಗೆದುಕೊಂಡ.